ಶೆಡ್‌ನಲ್ಲಿ ಫೆರಾರಿ, ಎದೆಯಲ್ಲಿ ಢವಢವ

ಶೆಡ್‌ವಾಸಿ:
ಎಲ್ಲರಿಗೂ ನಮಸ್ಕಾರ. ನಾಚಿಕೆ ಬಿಟ್ಟು ಕೇಳುತ್ತಿದ್ದೇನೆ. ನಗುವುದಾದರೆ ಉತ್ತರ ಕೊಟ್ಟು ಆಮೇಲೆ ನಗಿ.

ನನ್ನ ಹತ್ತಿರ 1987ರ ಫೆರಾರಿ 328 ಜಿಟಿಎಸ್ ಇದೆ. ಚಿಕ್ಕವನಿದ್ದಾಗ ಗೋಡೆಗೆ ಅಂಟಿಸಿಕೊಂಡಿದ್ದ ಚಿತ್ರದ ಗಾಡಿ. ಇಪ್ಪತ್ತೆರಡು ವರ್ಷ ಕೂಡಿಟ್ಟ ದುಡ್ಡಲ್ಲಿ ಕೊಂಡೆ. ಮನೆಗೆ ಬಂದು ಹದಿನಾಲ್ಕು ತಿಂಗಳಾಯ್ತು. ಓಡಿಸಿರುವುದು 190 ಕಿಲೋಮೀಟರ್. ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ಮನೆಗೆ ತಂದ ದಿನದ್ದೇ.

ಪ್ರತಿ ಶನಿವಾರ ರಾತ್ರಿ ಕೀ ತೆಗೆದು ಮೇಜಿನ ಮೇಲೆ ಇಡುತ್ತೇನೆ. ಬೆಳಿಗ್ಗೆ ಎದ್ದು ಮೊದಲು ನೋಡುವುದು ಆಕಾಶ. ಒಂದು ಮೋಡ ಕಂಡರೆ ಸಾಕು, ಒಳಗೊಳಗೇ ಖುಷಿ. ಅಂದ್ರೆ ಇವತ್ತು ಹೋಗದಿರಲು ಒಂದು ನೆಪ ಸಿಕ್ಕಿತು. ಹೊದಿಕೆ ತೆಗೆದು, ಒರೆಸಿ, ಐದು ನಿಮಿಷ ಎಂಜಿನ್ ಸ್ಟಾರ್ಟ್ ಮಾಡಿ, ಮತ್ತೆ ಹೊದಿಸಿ ಒಳಗೆ ಬರುತ್ತೇನೆ. "ಮ್ಯೂಸಿಯಂ ಬಾಗಿಲು ಹಾಕಿದ್ರಾ?" ಅಂತ ನನ್ನ ಹೆಂಡತಿ ಕೇಳುತ್ತಾಳೆ.

ಮಾಮೂಲಿ ಕಾರು ದಿನಾ ಓಡಿಸುತ್ತೇನೆ. ಅದರಲ್ಲಿ ಯಾವ ಭಯವೂ ಇಲ್ಲ. ಇದರಲ್ಲಿ ಕೂತರೆ ಮಾತ್ರ ಅಂಗೈ ಬೆವರುತ್ತದೆ. ಯಾರಾದರೂ ಗುದ್ದಿದರೆ? ಕಲ್ಲು ಸಿಡಿದರೆ? ದಾರಿಯಲ್ಲಿ ಕೆಟ್ಟು ನಿಂತರೆ? ಇದನ್ನು ದಾಟಿ ಬಂದವರು ಯಾರಾದರೂ ಇದ್ದೀರಾ?

ಐದನೇಗೇರ್:
ಓಡಿಸಿ ಸರ್. ಗೀರು ಬಿದ್ದರೆ ಪೇಂಟ್ ಮಾಡಿಸಿ. ಇದರಲ್ಲಿ ಚರ್ಚೆ ಮಾಡುವಂಥದ್ದು ಏನಿದೆ?

ನಿಧಾನಿ:
ಐದನೇಗೇರ್ ಅವರೇ, ಬೇರೆಯವರ ಗಾಡಿಗೆ ಪೇಂಟ್ ಮಾಡಿಸುವುದು ಬಹಳ ಸುಲಭ.

ನಾನು ಉಲ್ಟಾ ಹೇಳುತ್ತೇನೆ. ಹಳೆಯ ಫೆರಾರಿ ಕೊಳ್ಳುವವರು ಮೊದಲು ನೋಡುವುದು ಮೀಟರ್. ಕಡಿಮೆ ಓಡಿದ, ಪೇಂಟ್ ಮುಟ್ಟದ ಗಾಡಿಗೆ ಸಿಗುವ ಬೆಲೆಯೇ ಬೇರೆ. ಇವರು ಇಪ್ಪತ್ತೆರಡು ವರ್ಷದ ದುಡಿಮೆ ಹಾಕಿದ್ದಾರೆ. ಅಂಗೈ ಬೆವರುತ್ತದೆ ಅಂದರೆ ಬುದ್ಧಿ ಕೆಲಸ ಮಾಡುತ್ತಿದೆ ಅಂತ ಅರ್ಥ. ನೋಡಿ ಖುಷಿಪಡುವುದೂ ಖುಷಿಯೇ ಅಲ್ವಾ? ಎಲ್ಲರೂ ಹೋಗಿ ಗೇರ್ ಹಾಕಲೇಬೇಕು ಅಂತ ಕಾನೂನೇನೂ ಇಲ್ಲ.

ಹಳೇಗ್ರೀಸ್:
ಇಬ್ಬರ ಜಗಳ ಆಮೇಲೆ ಇಟ್ಟುಕೊಳ್ಳೋಣ. ನನಗೆ ಹೊಟ್ಟೆ ಉರಿದಿದ್ದು ಆ "ಐದು ನಿಮಿಷ ಸ್ಟಾರ್ಟ್ ಮಾಡಿ" ಅನ್ನೋ ಮಾತು ಓದಿ. ಮೂವತ್ತು ವರ್ಷದಿಂದ ಇಂಥ ಗಾಡಿಗಳ ಕೆಳಗೆ ಮಲಗಿ ಕೆಲಸ ಮಾಡಿದವನು ಹೇಳುತ್ತಿದ್ದೇನೆ, ದಯವಿಟ್ಟು ಇವತ್ತೇ ನಿಲ್ಲಿಸಿ.

ಐದು ನಿಮಿಷದಲ್ಲಿ ಎಂಜಿನ್ ಆಯಿಲ್ ಬಿಸಿ ಆಗುವುದಿಲ್ಲ. ಎಂಜಿನ್ ನೀರಿನ ಬಿಸಿ ತೋರಿಸುವ ಮುಳ್ಳು ಮೇಲೆ ಬಂದರೂ ಆಯಿಲ್ ಇನ್ನೂ ತಣ್ಣಗೇ ಇರುತ್ತದೆ. ಪೆಟ್ರೋಲ್ ಉರಿದಾಗ ಹುಟ್ಟುವ ನೀರಿನಾವಿ ಸೈಲೆನ್ಸರ್ ಒಳಗೇ ತಣಿದು ನೀರಾಗಿ ನಿಲ್ಲುತ್ತದೆ, ತುಕ್ಕು ಹಿಡಿಸುತ್ತದೆ. ಸ್ವಲ್ಪ ಆಯಿಲಿಗೂ ಸೇರುತ್ತದೆ. ಸ್ಟಾರ್ಟ್ ಮಾಡಲು ಬಳಸಿದ ಕರೆಂಟ್ ಕೂಡ ಬ್ಯಾಟರಿಗೆ ಪೂರ್ತಿ ವಾಪಸ್ ಬಂದಿರುವುದಿಲ್ಲ. ಅಂದರೆ ನೀವು ಪ್ರತಿ ವಾರ ಪ್ರೀತಿಯಿಂದ ಗಾಡಿ ಹಾಳು ಮಾಡುತ್ತಿದ್ದೀರಿ. ಹೋಗುವುದಾದರೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ. ಇಲ್ಲವಾದರೆ ಕೀ ಮುಟ್ಟಲೇಬೇಡಿ.

ನಿಧಾನಿ ಅವರಿಗೂ ಒಂದು ಮಾತು. ನಿಂತ ಗಾಡಿ ಹಾಗೇ ಇರುತ್ತದೆ ಅನ್ನುವುದು ಭ್ರಮೆ. ಈ ಎಂಜಿನ್‌ನಲ್ಲಿ ಎರಡು ಟೈಮಿಂಗ್ ಬೆಲ್ಟ್ ಇವೆ, ಅಂದರೆ ವಾಲ್ವ್ ಮತ್ತು ಪಿಸ್ಟನ್ ತಾಳ ತಪ್ಪದ ಹಾಗೆ ನೋಡಿಕೊಳ್ಳುವ ರಬ್ಬರ್ ಪಟ್ಟಿ. ಒಂದು ಕಿಲೋಮೀಟರ್ ಓಡದಿದ್ದರೂ ಮೂರರಿಂದ ಐದು ವರ್ಷದೊಳಗೆ ಬದಲಿಸುವುದು ರೂಢಿ, ಯಾಕೆಂದರೆ ರಬ್ಬರಿಗೆ ವಯಸ್ಸಾಗುತ್ತದೆ. ಬೆಲ್ಟ್ ಕಿತ್ತರೆ ವಾಲ್ವ್ ಹೋಗಿ ಪಿಸ್ಟನ್‌ಗೆ ಹೊಡೆಯುತ್ತದೆ. ಆಮೇಲೆ ಮೀಟರ್ ನೋಡಿಕೊಂಡು ಕೂರಬಹುದು.

ಶೆಡ್‌ವಾಸಿ ಸರ್, ಟೈರ್ ಎಷ್ಟು ಹಳೆಯದು? ಪಕ್ಕದಲ್ಲಿ ಡಾಟ್ ಅಂತ ಬರೆದ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತದೆ. ಮೊದಲೆರಡು ವಾರ, ಮುಂದಿನೆರಡು ವರ್ಷ. ನೋಡಿ ಹೇಳಿ.

ಶೆಡ್‌ವಾಸಿ:
ಟಾರ್ಚ್ ಹಿಡಿದು ನೋಡಿ ಬಂದೆ. 2311. ಟೈರಿನ ಮೇಲಿನ ಗುಂಡಿ ಪೂರ್ತಿ ಇದೆ ಸರ್, ಸವೆದೇ ಇಲ್ಲ.

ಹಳೇಗ್ರೀಸ್:
2011ನೇ ಇಸವಿಯ 23ನೇ ವಾರ! ಸವೆಯಲು ಓಡಿಸಿದ್ದರಲ್ವಾ ಸರ್. ನೋಡಲು ಹೊಸದು, ಒಳಗೆ ಕಲ್ಲಾಗಿರುತ್ತದೆ. ಉಗುರಿನಿಂದ ಒತ್ತಿ ನೋಡಿ, ನಿಮ್ಮ ದಿನದ ಕಾರಿನ ಟೈರಿಗೂ ಇದಕ್ಕೂ ವ್ಯತ್ಯಾಸ ಗೊತ್ತಾಗುತ್ತದೆ. ಈ ಟೈರಲ್ಲಿ ಆಚೆ ಹೋಗಲು ಹೆದರಿದ್ದು ಒಳ್ಳೆಯದೇ ಆಯ್ತು. ಮೊದಲು ಟೈರ್ ಬದಲಿಸಿ. ಬ್ರೇಕ್ ಆಯಿಲ್ ಕೂಡ. ಅದು ಗಾಳಿಯಿಂದ ತೇವ ಎಳೆದುಕೊಳ್ಳುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ತೇವ ಸೇರಿದ ಆಯಿಲಿಗೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಆಯಿಲ್ ಕುದ್ದರೆ ಪೆಡಲ್ ಸೀದಾ ಕೆಳಗೆ ಹೋಗುತ್ತದೆ.

ತಿರುವುಗಾರ:
ನಾನು ಗುದ್ದಿಸಿದವನು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಪೋರ್ಷೆ 930, ಅಂದರೆ ಹಳೆಯ 911 ಟರ್ಬೊ. 1975ರಲ್ಲಿ ಬಂದ ಮಾದರಿ. ವಿಡೋಮೇಕರ್, ಅಂದರೆ ಹೆಂಡತಿಯನ್ನು ವಿಧವೆ ಮಾಡುವ ಗಾಡಿ ಅಂತ ಅಡ್ಡಹೆಸರು. ಸುಮ್ನೆ ಜಂಬಕ್ಕೆ ಹೇಳುತ್ತಾರೆ ಅಂದುಕೊಂಡಿದ್ದೆ. ಎಂಜಿನ್ ಹಿಂದಿನ ಚಕ್ರಕ್ಕಿಂತಲೂ ಹಿಂದೆ ಇದೆ. ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಬಲ ಏರಿಸುವ ಟರ್ಬೊ ತಡವಾಗಿ ಎಚ್ಚರವಾಗುತ್ತದೆ. ತಿರುವಿನ ನಡುವೆ ಆಕ್ಸಿಲರೇಟರ್ ಒತ್ತಿದೆ, ಏನೂ ಆಗಲಿಲ್ಲ. ಇನ್ನೂ ಒತ್ತಿದೆ. ಆಮೇಲೆ ಒಟ್ಟಿಗೆ ಬಂತು ನೋಡಿ. ಹೆದರಿ ಕಾಲು ಎತ್ತಿಬಿಟ್ಟೆ. ಅದೇ ತಪ್ಪು. ಕಾಲು ಎತ್ತಿದ ಕೂಡಲೇ ಭಾರ ಮುಂದಕ್ಕೆ ಹೋಗುತ್ತದೆ, ಹಿಂದಿನ ಟೈರಿನ ಹಿಡಿತ ಬಿಡುತ್ತದೆ. ಬಾಲ ಮುಂದೆ ಬಂದು ತಡೆಗೋಡೆ ಸವರಿತು. ಆ ಸದ್ದು ಈಗಲೂ ಕಿವಿಯಲ್ಲಿದೆ, ತಗಡಿನ ಡಬ್ಬಿ ಎಳೆದ ಹಾಗೆ.

328 ಅಷ್ಟು ಕೆಟ್ಟದ್ದಲ್ಲ. ಎಂಜಿನ್ ಹಿಂದಿನ ಚಕ್ರದ ಮುಂದೆ ಇದೆ, ಟರ್ಬೊ ಇಲ್ಲ, 270 ಕುದುರೆಶಕ್ತಿ. ಆದರೂ ಸ್ಟಿಯರಿಂಗಿಗೆ ಪವರ್ ಸಹಾಯ ಇಲ್ಲ, ಚಕ್ರ ಜಾರದ ಹಾಗೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಇಲ್ಲ. ಎಬಿಎಸ್ 1988ರಿಂದ ಬಂತು, ಹಾಗಾಗಿ ನಿಮ್ಮದರಲ್ಲಿ ಅದೂ ಇರಲಿಕ್ಕಿಲ್ಲ. ಮಾಮೂಲಿ ಕಾರಿನಲ್ಲಿ ನಮ್ಮ ತಪ್ಪನ್ನು ಕಂಪ್ಯೂಟರ್ ಮುಚ್ಚಿಹಾಕುತ್ತದೆ, ಇಲ್ಲಿ ಆ ಕೆಲಸಕ್ಕೆ ಯಾರೂ ಇಲ್ಲ. ಐದನೇಗೇರ್ ಹೇಳಿದ ಹಾಗೆ "ಓಡಿಸಿ" ಅಂದುಬಿಟ್ಟರೆ ಆಗದು. ಚಾಲನೆ ಕಲಿಸುವವರ ಜೊತೆ, ಬಯಲಿನಲ್ಲಿ, ನೀರು ಹಾಕಿದ ನೆಲದ ಮೇಲೆ ಒಂದು ದಿನ ಕಳೆಯಿರಿ. ಬೇರೆಯವರ ಗಾಡಿಯಲ್ಲಾದರೂ ಪರವಾಗಿಲ್ಲ.

ಐದನೇಗೇರ್:
ನೋಡಿ, ಇದಕ್ಕೇ ಇವರು ಶೆಡ್ಡಲ್ಲಿ ಕೂತಿರೋದು. ಒಬ್ಬರು ಬೆಲ್ಟ್ ಅಂತೀರಿ, ಒಬ್ಬರು ವಿಡೋಮೇಕರ್ ಅಂತೀರಿ. ಪಾಪ, ಅವರು ಕೇಳಿದ್ದು ಧೈರ್ಯ. ಕೊಟ್ಟಿದ್ದು ಇನ್ನೂ ನಾಲ್ಕು ಭಯ.

ಮಳೆಹನಿ:
ಹೌದು, ಅದಕ್ಕೇ ನಾನೊಂದು ಬೇರೆ ಪ್ರಶ್ನೆ ಕೇಳುತ್ತೇನೆ. ಸರ್, ಅಂಗೈ ಸರಿಯಾಗಿ ಯಾವಾಗ ಬೆವರುತ್ತದೆ? ಕೀ ತಿರುಗಿಸುವಾಗಲಾ, ಗೇಟು ದಾಟುವಾಗಲಾ, ವೇಗ ಏರಿದಾಗಲಾ?

ಯಾಕೆ ಕೇಳುತ್ತಿದ್ದೇನೆ ಅಂದರೆ, ನನ್ನ ಹೋಂಡಾ ಎನ್‌ಎಸ್‌ಎಕ್ಸ್ ಹೊಸದರಲ್ಲಿ ನಾನೂ ಹೀಗೇ ಇದ್ದೆ. 1990ರ ಗಾಡಿ, ಅಲ್ಯೂಮಿನಿಯಂ ಮೈ. ದಿನಾ ಓಡಿಸಬಹುದಾದ ಸೂಪರ್‌ಕಾರ್ ಅಂತಲೇ ಅದು ಹೆಸರಾಗಿರುವುದು. ಆದರೂ ಓಡಿಸುತ್ತಿರಲಿಲ್ಲ. ಅಪಘಾತದ ಭಯ ಅಂದುಕೊಂಡಿದ್ದೆ. ಕೂತು ಯೋಚಿಸಿದರೆ ನನ್ನದು ಪಾರ್ಕಿಂಗ್ ಭಯ. ಓಡುವಾಗ ಏನೂ ಅನಿಸುತ್ತಿರಲಿಲ್ಲ. ಗಾಡಿ ನಿಲ್ಲಿಸಿ ಬೆನ್ನು ತಿರುಗಿಸಿದ ಕ್ಷಣ ಹೊಟ್ಟೆ ಕಿವುಚುತ್ತಿತ್ತು. ಹಾಗಾಗಿ ಎರಡು ತಿಂಗಳು ಎಲ್ಲೂ ನಿಲ್ಲಿಸಲಿಲ್ಲ. ಮನೆಯಿಂದ ಹೊರಟು ಮನೆಗೇ ವಾಪಸ್. ಆಮೇಲೆ ಎರಡು ನಿಮಿಷ ನಿಲ್ಲಿಸಿದೆ, ಆಮೇಲೆ ಹತ್ತು ನಿಮಿಷ. ಇನ್ಶೂರೆನ್ಸನ್ನೂ ಬದಲಿಸಿದೆ. ಗಾಡಿಯ ಬೆಲೆಯನ್ನು ಮೊದಲೇ ಎರಡೂ ಕಡೆ ಒಪ್ಪಿ ಬರೆದಿಡುವ ಪಾಲಿಸಿ ಇರುತ್ತದೆ. ಗಾಡಿ ಪೂರ್ತಿ ಹೋದರೆ ಆ ಮೊತ್ತ, ಚೌಕಾಸಿ ಇಲ್ಲ. ಆ ಕಾಗದ ಬಂದ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಮುಂದಿನ ಬಂಪರಿಗೆ ಪಾರದರ್ಶಕ ಫಿಲ್ಮ್ ಅಂಟಿಸಿದ ಮೇಲೆ ಕಲ್ಲಿನ ಚಿಂತೆಯೂ ಹೋಯ್ತು.

ಇದೆಲ್ಲ ನನ್ನ ಭಯಕ್ಕೆ ಹಿಡಿದ ಮದ್ದು. ನಿಮ್ಮದು ಯಾವುದು ಅಂತ ಗೊತ್ತಾಗದೆ ಮದ್ದು ಹೇಳುವುದು ಹೇಗೆ?

ಶೆಡ್‌ವಾಸಿ:
ಮೇಡಂ, ನಿಮ್ಮ ಪ್ರಶ್ನೆ ಓದಿ ಉತ್ತರ ಬರೆಯಲು ಎರಡು ದಿನ ಹಿಡಿಯಿತು.

ವೇಗ ಅಲ್ಲ. ಗುದ್ದುವುದೂ ಅಲ್ಲ. ಸಿಗ್ನಲ್.

ಗಾಡಿ ತಂದ ದಿನ ಒಂದು ದೊಡ್ಡ ಸಿಗ್ನಲ್ಲಿನಲ್ಲಿ ನಿಂತೆ. ಮೊದಲೇ ಕ್ಲಚ್ ಕಲ್ಲಿನ ಹಾಗೆ ಗಟ್ಟಿ. ಗೇರ್ ನಕ್ಷೆಯೂ ಬೇರೆ. ಮೊದಲನೇ ಗೇರ್ ಎಡಕ್ಕೆ ಎಳೆದು ಕೆಳಗೆ. ನನ್ನ ಕೈಗೆ ಅಭ್ಯಾಸ ಮೇಲಕ್ಕೆ. ಹಸಿರು ಬಂತು, ಗಾಡಿ ಆಫ್. ಮತ್ತೆ ಸ್ಟಾರ್ಟ್, ಮತ್ತೆ ಆಫ್. ಮೂರನೇ ಸಲಕ್ಕೆ ಸಿಗ್ನಲ್ ಕೆಂಪಾಯ್ತು. ಹಿಂದೆ ಹಾರನ್ ಸುರಿಮಳೆ. ಪಕ್ಕದ ಬೈಕಿನ ಹುಡುಗ ಮೊದಲಿಂದ ಮೊಬೈಲಿನಲ್ಲಿ ಎಲ್ಲ ತೆಗೆಯುತ್ತಿದ್ದ. ಅವನ ಹಿಂದೆ ಕೂತವನು ನಗುತ್ತಾ "ಓಡಿಸೋಕೆ ಬರದವರಿಗೆಲ್ಲ ಯಾಕೆ ಈ ಗಾಡಿ" ಅಂದ. ಟಾರ್ಗಾ ಗಾಡಿ ಅಲ್ವಾ, ಮೇಲಿನ ಫಲಕ ತೆಗೆದಿದ್ದೆ. ಪ್ರತಿ ಅಕ್ಷರ ಕೇಳಿಸಿತು.

ಆ ಮಾತು ಸುಳ್ಳು ಅಂತ ನನಗೇ ಅನ್ನಿಸಲಿಲ್ಲ. ಬಹುಶಃ ಅದೇ ತೊಂದರೆ.

ಐದನೇಗೇರ್:
ಅಯ್ಯೋ ಸರ್. ಮೊದಲನೇ ಕಾಮೆಂಟಿಗೆ ಕ್ಷಮೆ ಇರಲಿ. ನಾನೂ ಆ ಬೈಕಿನ ಹಿಂದೆ ಕೂತವನ ಥರಾನೇ ಮಾತಾಡಿದೆ.

ನಿಧಾನಿ:
ಯಾರೋ ಇಬ್ಬರು ಹುಡುಗರ ಬಾಯಿ ಮುಚ್ಚಿಸಲು ಗಾಡಿ ಸವೆಸಬೇಕೇ? ನನ್ನ ಅಭಿಪ್ರಾಯ ಬದಲಾಗಿಲ್ಲ.

ಹಳೇಗ್ರೀಸ್:
ಇದಕ್ಕೆ ನನ್ನ ಹತ್ತಿರ ಔಷಧಿ ಇದೆ, ನಗಬೇಡಿ. ಸಮತಟ್ಟಾದ ಖಾಲಿ ಜಾಗ. ಆಕ್ಸಿಲರೇಟರ್ ಮುಟ್ಟಲೇಬೇಡಿ. ಬರೀ ಕ್ಲಚ್ ಬಿಡುತ್ತಾ ಗಾಡಿ ಉರುಳಿಸಿ. ಎಲ್ಲಿ ಹಿಡಿಯುತ್ತದೆ ಅಂತ ನಿಮ್ಮ ಹಿಮ್ಮಡಿಗೆ ಗೊತ್ತಾಗಬೇಕು, ತಲೆಗಲ್ಲ. ನಿಲ್ಲಿಸಿ, ಮತ್ತೆ ಉರುಳಿಸಿ. ನಡುನಡುವೆ ಕ್ಲಚ್‌ಗೆ ಸ್ವಲ್ಪ ಬಿಡುವು ಕೊಡಿ. ಇಪ್ಪತ್ತು ಸಲ ಆದ ಮೇಲೆ ಸ್ವಲ್ಪ ಏರಿನಲ್ಲಿ ಮಾಡಿ.

ಇನ್ನೊಂದು. ಈ ಗಾಡಿ ತಣ್ಣಗಿದ್ದಾಗ ಎರಡನೇ ಗೇರ್ ಬೀಳುವುದಿಲ್ಲ. ಗೇರ್‌ಬಾಕ್ಸ್ ಆಯಿಲ್ ಗಟ್ಟಿ ಇರುತ್ತದೆ, ಅದಕ್ಕೆ. ಹೊಸಬರು ತಮ್ಮದೇ ತಪ್ಪು ಅಂದುಕೊಂಡು ಬಲ ಹಾಕಿ ತುರುಕುತ್ತಾರೆ. ತುರುಕಬೇಡಿ. ಮೊದಲ ಹತ್ತು ನಿಮಿಷ ಒಂದರಿಂದ ನೇರ ಮೂರಕ್ಕೆ ಹೋಗಿ. ಇದು ಹಳೆಯ ಓನರುಗಳೆಲ್ಲ ಮಾಡುವುದೇ.

ಶೆಡ್‌ವಾಸಿ:
ಒಂದು ನಿಮಿಷ! ಎರಡನೇ ಗೇರ್ ಬೀಳದಿರುವುದು *ಗಾಡಿಯ* ಗುಣವಾ? ಹದಿನಾಲ್ಕು ತಿಂಗಳಿಂದ ನನ್ನ ಕೈ ಸರಿಯಿಲ್ಲ ಅಂದುಕೊಂಡಿದ್ದೇನೆ.

ತಿರುವುಗಾರ:
ಹ್ಹಹ್ಹ. ಎಲ್ಲರದ್ದೂ ಬೀಳುವುದಿಲ್ಲ ಸರ್. ಆದರೂ ನನ್ನ ಬಯಲಿನ ತರಬೇತಿ ಮರೆಯಬೇಡಿ. ಸಿಗ್ನಲ್ ಭಯ ಹೋದ ಮೇಲೇ ನಿಜವಾದ ಅಪಾಯ ಶುರು.

ಮಳೆಹನಿ:
ತಿರುವುಗಾರ ಅವರೇ, ಅದು ಸರಿ, ಆದರೆ ಮುಂದಿನ ತಿಂಗಳ ಪಾಠ. ಮೊದಲು ಗೇಟು ದಾಟಲಿ. ಸರ್, ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಹೊರಡಿ. ಅದೇ ಸಿಗ್ನಲ್ಲಿಗೆ. ಆ ಹೊತ್ತಿಗೆ ಅಲ್ಲಿ ಯಾರೂ ಇರುವುದಿಲ್ಲ. ಆಫ್ ಆದರೆ ಆಗಲಿ. ಬೇಕಂತಲೇ ಒಂದು ಸಲ ಆಫ್ ಮಾಡಿ ನೋಡಿ.

ಐದನೇಗೇರ್:
ಬೇಕಂತಲೇ? ಫೆರಾರಿಯನ್ನ?

ಮಳೆಹನಿ:
ಹೌದು. ನೀವು ಒಪ್ಪಬೇಕಾಗಿಲ್ಲ.

ಶೆಡ್‌ವಾಸಿ: (ಐದು ವಾರದ ನಂತರ)
ಸುದ್ದಿ ಹೇಳಲು ಬಂದೆ. ಹೊಸ ಟೈರ್, ಹೊಸ ಬ್ರೇಕ್ ಆಯಿಲ್. ಬೆಲ್ಟ್ ಎರಡು ವರ್ಷದ ಹಿಂದೆ ಬದಲಿಸಿದ ರಸೀದಿ ಫೈಲಿನಲ್ಲಿ ಸಿಕ್ಕಿತು. ಕ್ಲಚ್ ಅಭ್ಯಾಸ ನಾಲ್ಕು ಸಂಜೆ ಮಾಡಿದೆ. ಎಡಗಾಲಿನ ಮೀನಖಂಡ ಮೂರು ದಿನ ನೋಯುತ್ತಿತ್ತು.

ಮೊನ್ನೆ ಭಾನುವಾರ ಐದೂವರೆಗೆ ಎದ್ದೆ. ಮೋಡ ಇತ್ತು. ಹೋದೆ. ಒಂದರಿಂದ ಮೂರಕ್ಕೆ ಬೆಣ್ಣೆ ಹಾಗೆ ಬಿತ್ತು. ಆ ಸಿಗ್ನಲ್ಲಿಗೆ ಬಂದಾಗ ಕೆಂಪು. ಸುತ್ತ ಒಂದು ನರಪಿಳ್ಳೆಯೂ ಇಲ್ಲ. ಹಸಿರು ಬಂದಾಗ ಬೇಕಂತಲೇ ಕ್ಲಚ್ ಬಿಟ್ಟೆ. ಗಾಡಿ ಒಂದು ಸಲ ಕುಪ್ಪಳಿಸಿ ಆಫ್ ಆಯ್ತು. ಎಂಥಾ ನಿಶ್ಶಬ್ದ! ಹಿಂದೆ ಎಂಜಿನ್ ತಣಿಯುವ ಟಿಕ್ ಟಿಕ್ ಸದ್ದು ಮಾತ್ರ. ಒಬ್ಬನೇ ಕೂತು ನಕ್ಕೆ. ಸ್ಟಾರ್ಟ್ ಮಾಡಿದೆ, ಹೊರಟೆ.

ವಾಪಸ್ ಬರುವಾಗ ಏಳು ಗಂಟೆ. ಅದೇ ಜಾಗ, ಈಗ ಹತ್ತಾರು ಗಾಡಿ. ಒಬ್ಬರು ಮೊಬೈಲ್ ಎತ್ತಿದರು. ಬೆವರು ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಆಫ್ ಆಗಲಿಲ್ಲ.

ಐದನೇಗೇರ್:
ಭಲೇ ಸರ್!! ಮಳೆಹನಿ ಮೇಡಂ, ನಾನು ಸೋತೆ.

ನಿಧಾನಿ:
ಅಭಿನಂದನೆ. ಮೀಟರ್ ಈಗ ಎಷ್ಟು?

ಶೆಡ್‌ವಾಸಿ:
ನೋಡಲು ಮರೆತೆ.

ಹಳೇಗ್ರೀಸ್ ಸರ್, ಒಂದು ಪ್ರಶ್ನೆ. ತಿರುವಿನಲ್ಲಿ ತಲೆಯ ಮೇಲಿಂದ ಕಿರ್ ಕಿರ್ ಅನ್ನುವ ಸದ್ದು ಬರುತ್ತಿದೆ. ಮೊದಲು ಇರಲಿಲ್ಲ. ಬಹುಶಃ ಇತ್ತೇನೋ, ತಿರುವಿಗೆ ಹೋಗಿರಲಿಲ್ಲ ನಾನು.

ಹಳೇಗ್ರೀಸ್:
ಟಾರ್ಗಾ ಫಲಕದ ರಬ್ಬರ್ ಒಣಗಿರಬೇಕು. ಸಿಲಿಕೋನ್ ಗ್ರೀಸ್ ತೆಳುವಾಗಿ ಹಚ್ಚಿ, ಬೆರಳಲ್ಲೇ ಸಾಕು. ಪೇಂಟಿಗೆ ತಾಗದ ಹಾಗೆ ನೋಡಿಕೊಳ್ಳಿ. ಹಚ್ಚಿದ ಮೇಲೂ ಸದ್ದು ಬಂದರೆ ಫಲಕ ತೆಗೆದು ಒಂದು ಸುತ್ತು ಹೋಗಿ ಬನ್ನಿ, ಆಗ ಎಲ್ಲಿಂದ ಬರುತ್ತದೆ ಅಂತ ಗೊತ್ತಾಗುತ್ತದೆ.