ಹಸಿ ಚಾಕೊಲೇಟ್ ಕುಕ್ಕಿ: ರುಬ್ಬುವಾಗಲೇ ಎಣ್ಣೆ ಬಿಡುತ್ತಿದೆ, ಫ್ರಿಜ್‌ನಿಂದ ತೆಗೆದರೆ ನಿಲ್ಲುತ್ತಿಲ್ಲ

ಬಿಸಿಲೂರ ಅಡುಗೆಮನೆ (ರಾಯಚೂರು)

ಎಲ್ಲರಿಗೂ ನಮಸ್ಕಾರ. ಒಲೆ ಹಚ್ಚದೆ, ಹಾಲು, ಬೆಣ್ಣೆ, ಜೇನುತುಪ್ಪ ಯಾವುದನ್ನೂ ಹಾಕದೆ ಚಾಕೊಲೇಟ್ ಕುಕ್ಕಿ ಮಾಡುತ್ತಿದ್ದೇನೆ. ಬಳ್ಳಾರಿಯಲ್ಲಿರುವ ನನ್ನ ತಂಗಿಯ ಮಗಳಿಗೆ ಹಾಲಿನ ಅಲರ್ಜಿ ಇದೆ. ಅವಳ ಹುಟ್ಟುಹಬ್ಬಕ್ಕೆ ಒಂದು ಡಬ್ಬಿ ಕಳುಹಿಸಬೇಕು ಎಂಬುದು ಆಸೆ.

ನನ್ನ ಅಳತೆ ಹೀಗಿದೆ: ಬಾದಾಮಿ 100 ಗ್ರಾಂ, ಗೋಡಂಬಿ 50 ಗ್ರಾಂ, ಬೀಜ ತೆಗೆದ ಮೆತ್ತನೆಯ ಖರ್ಜೂರ 150 ಗ್ರಾಂ, ಕೋಕೋ ಪುಡಿ 30 ಗ್ರಾಂ, ಕೊಬ್ಬರಿ ಎಣ್ಣೆ ಮೂರು ದೊಡ್ಡ ಚಮಚ, ಚಿಟಿಕೆ ಉಪ್ಪು. ಮೇಲೆ ಲೇಪಿಸಲು ಕೊಬ್ಬರಿ ಎಣ್ಣೆ, ಕೋಕೋ ಪುಡಿ, ಖರ್ಜೂರದ ಪಾಕ.

ಚಳಿಗಾಲದಲ್ಲಿ ಇದೇ ಅಳತೆಯಲ್ಲಿ ಬಹಳ ಚೆನ್ನಾಗಿ ಬಂದಿತ್ತು. ಈಗ ಮಿಕ್ಸಿಯಲ್ಲಿ ತಿರುಗಿಸುವಾಗಲೇ ಎಣ್ಣೆ ಬಿಟ್ಟುಕೊಂಡು ಅಂಗೈಯೆಲ್ಲ ಜಿಡ್ಡಾಗುತ್ತದೆ. ಫ್ರಿಜ್‌ನಲ್ಲಿಟ್ಟರೆ ಕಲ್ಲಿನಂತೆ ಗಟ್ಟಿಯಾಗುತ್ತದೆ, ತಟ್ಟೆಗೆ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಅಂಚು ಕುಸಿದು ಹರಡಿಕೊಳ್ಳುತ್ತದೆ. ಲೇಪನವಂತೂ ಕಲಸುವಾಗಲೇ ಗಂಟುಗಂಟಾಗಿ ಮರಳುಮರಳಾಯಿತು. ಉಳಿದದ್ದರ ಮೇಲೆ ಮರುದಿನ ಬಿಳಿ ಮಚ್ಚೆ ಕಾಣಿಸಿದೆ. ಅದು ಬೂಷ್ಟೇ ಎಂಬ ಭಯದಿಂದ ಮಗುವಿಗೆ ಕೊಟ್ಟಿಲ್ಲ. ಮಧ್ಯಾಹ್ನ ನಮ್ಮ ಅಡುಗೆಮನೆಯ ಗೋಡೆಯಲ್ಲಿರುವ ತಾಪಮಾಪಕ 37 ಡಿಗ್ರಿ ತೋರಿಸುತ್ತದೆ. ತಿಳಿದವರು ದಾರಿ ಹೇಳಬೇಕು.

ಕೋಟೆಗುಡ್ಡ (ಬಳ್ಳಾರಿ)

ಅಕ್ಕನವರೆ, ಉತ್ತರ ಬರೆಯುವ ಮೊದಲು ಮೂರು ವಿಷಯ ತಿಳಿಯಬೇಕು. ಮಿಕ್ಸಿಯನ್ನು ಒಂದೇ ಸಮನೆ ತಿರುಗಿಸುತ್ತೀರೋ, ಬಿಟ್ಟು ಬಿಟ್ಟೋ? ಜಾರಿಗೆ ಮೊದಲು ಬೀಳುವುದು ಯಾವುದು? ಬಿಳಿ ಮಚ್ಚೆಯನ್ನು ಬೆರಳಿನಿಂದ ಮೆಲ್ಲಗೆ ಉಜ್ಜಿದರೆ ಏನಾಗುತ್ತದೆ?

ಬಿಸಿಲೂರ ಅಡುಗೆಮನೆ (ರಾಯಚೂರು)

ಅಣ್ಣನವರೆ, ಒಂದೇ ಸಮನೆ ತಿರುಗಿಸುತ್ತೇನೆ, ಜಾರು ಕೈಗೆ ಬಿಸಿ ತಾಗುವಷ್ಟು ಹೊತ್ತು. ಬಾದಾಮಿ, ಗೋಡಂಬಿ, ಖರ್ಜೂರ ಮೂರೂ ಒಟ್ಟಿಗೆ ಹೋಗುತ್ತವೆ. ಮಚ್ಚೆಯನ್ನು ಉಜ್ಜಿ ನೋಡಿದೆ: ಬೆರಳಿನ ಬಿಸಿಗೆ ಕರಗಿ ಮಾಯವಾಯಿತು, ಬೆರಳು ಜಿಡ್ಡಾಯಿತು. ವಾಸನೆ ಏನೂ ಇಲ್ಲ.

ಕೋಟೆಗುಡ್ಡ (ಬಳ್ಳಾರಿ)

ಹಾಗಾದರೆ ಮಚ್ಚೆಯ ಚಿಂತೆ ಬಿಡಿ. ಕೊಬ್ಬರಿ ಎಣ್ಣೆ ಫ್ರಿಜ್‌ನ ತಂಪಿಗೆ ಬೆಳ್ಳಗೆ ಹೆಪ್ಪುಗಟ್ಟಿದೆ, ಅಷ್ಟೇ. ಬೂಷ್ಟಾಗಿದ್ದರೆ ನವಿರಾದ ಕೂದಲಿನಂತೆ ಎದ್ದಿರುತ್ತದೆ, ಮುಗ್ಗಲು ವಾಸನೆ ಬರುತ್ತದೆ, ಬೆರಳಿನ ಬಿಸಿಗೆ ಕರಗುವುದಿಲ್ಲ. ಉಜ್ಜಿದಾಗ ಜಿಡ್ಡಾಗದೆ ಒರಟಾಗಿ ತಾಗಿದರೆ ಅದು ಸಕ್ಕರೆಯ ಹರಳು. ಫ್ರಿಜ್‌ನಿಂದ ಹೊರಗೆ ತೆಗೆದಾಗ ಮೇಲೆ ಕಟ್ಟಿದ ನೀರಹನಿ ಸಕ್ಕರೆಯನ್ನು ಕರಗಿಸಿ, ಆರಿದ ಮೇಲೆ ಉಳಿದದ್ದು.

ಮುಖ್ಯ ತೊಂದರೆಗೆ ಬರುತ್ತೇನೆ. ನಿಮ್ಮ ಕೈಗುಣದಲ್ಲಿ ಕೊರತೆ ಇಲ್ಲ. ಈ ಅಳತೆ ನಮ್ಮ ಕಡೆಯ ಬೇಸಿಗೆಗೆ ಹೇಳಿ ಮಾಡಿಸಿದ್ದಲ್ಲ. ಕೊಬ್ಬರಿ ಎಣ್ಣೆ ಸುಮಾರು 24-25 ಡಿಗ್ರಿಗೆ ಕರಗುತ್ತದೆ. ಡಿಸೆಂಬರಿನ ಬೆಳಗಿನಲ್ಲಿ ಬಾಟಲಿಯೊಳಗೆ ಗಟ್ಟಿಯಾಗಿರುವ ಎಣ್ಣೆ ಯುಗಾದಿಯ ನಂತರ ಮನೆಯೊಳಗೆ ಗಟ್ಟಿಯಾಗಿ ಸಿಗುವುದೇ ಇಲ್ಲ. ಚಳಿಗಾಲದಲ್ಲಿ ನಿಮ್ಮ ಕುಕ್ಕಿಯನ್ನು ಹಿಡಿದು ನಿಲ್ಲಿಸಿದ್ದು ಹೆಪ್ಪುಗಟ್ಟಿದ ಎಣ್ಣೆ. ಈಗ ಅದೇ ಎಣ್ಣೆ ನೀರಾಗಿ ಹಿಟ್ಟನ್ನು ಸಡಿಲಿಸುತ್ತಿದೆ.

ಲೆಕ್ಕ ಹಾಕಿ ನೋಡಿ. ಬಾದಾಮಿಯಲ್ಲಿ ಸರಿಸುಮಾರು ಅರ್ಧ ಕೊಬ್ಬು. ಗೋಡಂಬಿಯಲ್ಲಿ ಅದಕ್ಕಿಂತ ತುಸು ಕಡಿಮೆ. ಅದರ ಮೇಲೆ ಮೂರು ಚಮಚ ಎಣ್ಣೆ, ಜೊತೆಗೆ ಕೋಕೋ ಪುಡಿಯೊಳಗಿನ ಜಿಡ್ಡು. ಒಟ್ಟು ಹಿಟ್ಟು ಸುಮಾರು 370 ಗ್ರಾಂ ಆದರೆ ಅದರಲ್ಲಿ ಹತ್ತಿರಹತ್ತಿರ 117 ಗ್ರಾಂ ಕೊಬ್ಬೇ ಆಯಿತು, ಅಂದರೆ ಮೂರರಲ್ಲಿ ಒಂದು ಪಾಲಿಗೆ ಸ್ವಲ್ಪ ಕಡಿಮೆ. 37 ಡಿಗ್ರಿಯ ಅಡುಗೆಮನೆಯಲ್ಲಿ ಅಷ್ಟೂ ದ್ರವ.

ಕೊಬ್ಬರಿ ಎಣ್ಣೆಯ ಬದಲು ಕೋಕೋ ಬೆಣ್ಣೆ (ಕೋಕೋ ಬೀಜದ ಕೊಬ್ಬು, ಹಾಲಿನದಲ್ಲ) ಹಾಕಿ ಎಂದು ಹಲವರು ಹೇಳುತ್ತಾರೆ. ಚಾಕೊಲೇಟಿಗೆ ಗಟ್ಟಿತನ ಕೊಡುವುದು ಅದೇ, ಸರಿ. ಆದರೆ ಅದು ಕರಗುವುದೂ ಸುಮಾರು 34 ಡಿಗ್ರಿಗೆ. ಬೆಂಗಳೂರಿನ ಮನೆಯಲ್ಲಿ ನಿಲ್ಲುತ್ತದೆ. ರಾಯಚೂರಿನ ಮೇ ತಿಂಗಳಲ್ಲಿ ಅದೂ ನಿಲ್ಲುವುದಿಲ್ಲ. ಆದ್ದರಿಂದ ಕುಕ್ಕಿಯ ಆಕಾರವನ್ನು ಯಾವ ಕೊಬ್ಬಿನ ಮೇಲೂ ನಿಲ್ಲಿಸಬೇಡಿ. ನಾರಿನ ಮೇಲೆ ನಿಲ್ಲಿಸಿ. ನಾರಿಗೆ ಕರಗುವ ಬಿಸಿ ಎಂಬುದಿಲ್ಲ.

ನಮ್ಮ ಕಿರಾಣಿ ಅಂಗಡಿಯಲ್ಲೇ ಅದಕ್ಕೆ ಬೇಕಾದದ್ದು ಇದೆ: ಉತ್ತತ್ತಿ (ಒಣ ಖರ್ಜೂರ) ಮತ್ತು ಅಗಸೆ ಬೀಜ. ಉತ್ತತ್ತಿಯ ಬೀಜ ತೆಗೆದು, ಸಣ್ಣಗೆ ಕತ್ತರಿಸಿ, ಒಂದು ಮಧ್ಯಾಹ್ನ ಬಿಸಿಲಿಗೆ ಹಾಕಿ ಗರಿಗರಿಯಾದ ಮೇಲೆ ಪುಡಿ ಮಾಡಿ. ಒಂದು ಬೀಜ ಉಳಿದರೂ ಮಿಕ್ಸಿಯ ಬ್ಲೇಡು ಹಾಳಾಗುತ್ತದೆ, ಕತ್ತರಿಸುವಾಗ ಒಂದೊಂದನ್ನೂ ನೋಡಿ. ಅಗಸೆಯನ್ನು ಅಂದಂದಿಗೆ ಬೇಕಾದಷ್ಟೇ ಪುಡಿ ಮಾಡಿ. ಪುಡಿ ಮಾಡಿಟ್ಟರೆ ಈ ಸೆಕೆಗೆ ಬೇಗ ಕಮಟುತ್ತದೆ. ಉತ್ತತ್ತಿ ಪುಡಿ ಜಿಡ್ಡನ್ನೂ ತೇವವನ್ನೂ ಹೀರುತ್ತದೆ. ಅಗಸೆ ಖರ್ಜೂರದ ತೇವ ಕುಡಿದು ಲೋಳೆಯಾಗಿ ಅಂಟು ಕೊಡುತ್ತದೆ.

ಹೊಸ ಅಳತೆ: ಬಾದಾಮಿ 100 ಗ್ರಾಂ, ಖರ್ಜೂರ 90, ಉತ್ತತ್ತಿ ಪುಡಿ 60, ಕೋಕೋ ಪುಡಿ 30, ಅಗಸೆ ಪುಡಿ 20, ಉಪ್ಪು. ಗೋಡಂಬಿ ಬೇಡ, ಎಣ್ಣೆ ಒಂದು ಹನಿಯೂ ಬೇಡ. ಕೊಬ್ಬು ಐದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಮಾಡುವ ಕ್ರಮ ಅಳತೆಯಷ್ಟೇ ಮುಖ್ಯ. ಬಾದಾಮಿಯನ್ನು ಫ್ರೀಜರ್‌ನಲ್ಲಿ ಒಂದು ಗಂಟೆ ಇಟ್ಟು ತೆಗೆಯಿರಿ. ಅದನ್ನು ಕೋಕೋ ಪುಡಿ, ಉತ್ತತ್ತಿ ಪುಡಿಯ ಜೊತೆಗೇ ಜಾರಿಗೆ ಹಾಕಿ. ಗುಂಡಿಯನ್ನು ತಿರುಗಿಸಿ ಬಿಡುವುದು, ತಿರುಗಿಸಿ ಬಿಡುವುದು; ಒಂದೇ ಸಮನೆ ಓಡಿಸಿದರೆ ಬ್ಲೇಡಿನ ಬಿಸಿಗೆ ಬಾದಾಮಿ ಎಣ್ಣೆ ಬಿಟ್ಟು ಬೆಣ್ಣೆಯಾಗುತ್ತದೆ, ನಿಮ್ಮಲ್ಲಿ ಆಗುತ್ತಿರುವುದು ಅದೇ. ಸಣ್ಣ ರವೆಯಷ್ಟಾದಾಗ ನಿಲ್ಲಿಸಿ. ಖರ್ಜೂರವನ್ನು ನೆನೆಸದೆ ಕೊನೆಯಲ್ಲಿ ಹಾಕಿ ನಾಲ್ಕು ಸುತ್ತು ತಿರುಗಿಸಿ, ಅಗಸೆಯನ್ನು ಕೈಯಲ್ಲೇ ಬೆರೆಸಿ ಅರ್ಧ ಗಂಟೆ ಮುಚ್ಚಿಡಿ. ಆ ಅರ್ಧ ಗಂಟೆಯನ್ನು ಬಿಡಬೇಡಿ, ಅಂಟು ಹುಟ್ಟುವುದು ಆಗಲೇ. ಆಮೇಲೆ ಶೇಂಗಾ ಉಂಡಿಗೆ ಹಿಡಿಯುವಂತೆ ಮುಷ್ಟಿಯಲ್ಲಿ ಬಿಗಿಯಾಗಿ ಒತ್ತಿ ತಟ್ಟಿ. ಲಟ್ಟಿಸಿದರೆ ಅಂಚು ಬಿರಿಯುತ್ತದೆ.

ಈಗಾಗಲೇ ಎಣ್ಣೆ ಬಿಟ್ಟ ಹಿಟ್ಟನ್ನು ಎಸೆಯಬೇಡಿ. ಚಮಚ ಚಮಚವಾಗಿ ಉತ್ತತ್ತಿ ಪುಡಿ ಸೇರಿಸಿ ನಾದಿ. ಅಂಗೈ ಜಿಡ್ಡಾಗದ ಹದಕ್ಕೆ ಬಂದರೆ ಸಾಕು.

ಲೇಪನ ಗಂಟಾಗಲು ಕಾರಣ ಖರ್ಜೂರದ ಪಾಕದೊಳಗಿನ ನೀರು. ಕೊಬ್ಬಿನಲ್ಲಿ ತೇಲುತ್ತಿರುವ ಕೋಕೋ ಕಣಗಳಿಗೆ ಸ್ವಲ್ಪವೇ ನೀರು ತಾಗಿದರೂ ಅವು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಒದ್ದೆ ಚಮಚ, ಬಿಸಿನೀರಿನ ಹಬೆಯ ಹನಿ, ಯಾವುದೂ ಆಗದು. ಸಿಹಿಗೆ ನುಣ್ಣಗೆ ಜರಡಿ ಹಿಡಿದ ಉತ್ತತ್ತಿ ಪುಡಿಯನ್ನೇ ಬಳಸಿ. ಲೇಪನಕ್ಕೆ ಮಾತ್ರ ಕೊಬ್ಬರಿ ಎಣ್ಣೆಯ ಬದಲು ಕೋಕೋ ಬೆಣ್ಣೆ ಇರಲಿ; ಅದನ್ನು ಕರಗಿಸಲು ನಮ್ಮೂರಿನಲ್ಲಿ ಈ ತಿಂಗಳು ಗ್ಯಾಸ್ ಬೇಕಾಗಿಯೇ ಇಲ್ಲ. ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಮಾಳಿಗೆಯ ನೆರಳಿನಲ್ಲಿಟ್ಟರೆ ತಾನೇ ಕರಗುತ್ತದೆ. ಹಬೆಯೂ ಇಲ್ಲ, ಹನಿಯೂ ಇಲ್ಲ.

ಹೊಳಪು ಬರಬೇಕೆಂದರೆ ಕರಗಿದ್ದನ್ನು 27-28 ಡಿಗ್ರಿಗೆ ತಣಿಸಿ ಮತ್ತೆ 31-32ಕ್ಕೆ ಏರಿಸಿ ಹದ ಮಾಡಬೇಕು. ಎಸಿ ಇರುವ ಕೋಣೆಯಲ್ಲಾದರೆ ಮಾಡಿ ನೋಡಿ. ಇಲ್ಲದಿದ್ದರೆ ಹೊಳಪಿನ ಆಸೆ ಬಿಟ್ಟು, ಲೇಪನ ಹಚ್ಚಿದ್ದನ್ನು ಫ್ರಿಜ್‌ನಿಂದ ನೇರವಾಗಿ ತಿನ್ನಲು ಇಟ್ಟುಕೊಳ್ಳಿ.

ಸಂಡಿಗೆ ಮಾಳಿಗೆ (ಕೊಪ್ಪಳ)

ಅಕ್ಕಾ, ಅಣ್ಣನವರು ಹೇಳಿದ್ದೆಲ್ಲ ಸರಿ. ನನ್ನದೊಂದು ಸಲಹೆ: ಹಿಟ್ಟು ಗಟ್ಟಿಯಾಗಬೇಕಾದರೆ ಎರಡು ಹಿಡಿ ಸಜ್ಜೆ ಹಿಟ್ಟು ಸೇರಿಸಿದರೆ ಆಗದೇ? ನಮ್ಮಲ್ಲಿ ಎಲ್ಲರ ಮನೆಯಲ್ಲೂ ಇರುತ್ತದೆ. ಇನ್ನೊಂದು, ತಟ್ಟಿದ ಕುಕ್ಕಿಯನ್ನು ಸಂಡಿಗೆಯಂತೆ ಬಿಸಿಲಿಗೆ ಒಣಹಾಕಬಹುದಲ್ಲ? ಒಣಗಿಸುವ ಯಂತ್ರಕ್ಕೆ ಸಾವಿರಾರು ರೂಪಾಯಿ ಯಾಕೆ ಸುರಿಯಬೇಕು?

ಕೋಟೆಗುಡ್ಡ (ಬಳ್ಳಾರಿ)

ಅಮ್ಮನವರೆ, ಸಜ್ಜೆ ಹಿಟ್ಟು ಬೇಡ. ಯಾವ ಧಾನ್ಯದ ಹಿಟ್ಟನ್ನೂ ಹಸಿಯಾಗಿ ತಿನ್ನಬಾರದು. ಹೊಲದಿಂದ ಗಿರಣಿಯವರೆಗೆ ಅದಕ್ಕೆ ರೋಗಾಣು ಸಾಯುವಷ್ಟು ಬಿಸಿ ಎಲ್ಲಿಯೂ ತಾಗುವುದಿಲ್ಲ. ಸಾಲ್ಮೊನೆಲ್ಲಾ, ಇ-ಕೊಲೈ ಅದರಲ್ಲಿ ಉಳಿದಿರಬಹುದು. ರೊಟ್ಟಿ ಹೆಂಚಿನ ಮೇಲೆ ಬೇಯುವುದರಿಂದ ನಮಗೆ ಆ ಚಿಂತೆ ಇಲ್ಲ, ಇಲ್ಲಿ ಬೇಯಿಸುವುದೇ ಇಲ್ಲ. ಅದರ ಮೇಲೆ, ಬೀಸಿದ ಸಜ್ಜೆ ಎಷ್ಟು ಬೇಗ ಕಹಿಯಾಗುತ್ತದೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ನಿಮ್ಮ ಎರಡನೆಯ ಮಾತು ಬಂಗಾರದಂಥದ್ದು. ಹಸಿ ಆಹಾರ ಪಾಲಿಸುವವರು 42ರಿಂದ 48 ಡಿಗ್ರಿಯೊಳಗೆ, ಅದಕ್ಕಿಂತ ಹೆಚ್ಚು ಕಾಯಿಸಬಾರದೆಂಬ ಒಂದು ಮಿತಿ ಇಟ್ಟುಕೊಂಡಿರುತ್ತಾರೆ. ನಮ್ಮ ಬೇಸಿಗೆಯ ಒಣ ಗಾಳಿ ನೆರಳಿನಲ್ಲೇ 40ರ ಆಸುಪಾಸು ಇರುತ್ತದೆ. ಆದರೆ ನೇರ ಬಿಸಿಲಿಗೆ ಹಾಕಬೇಡಿ, ಕಪ್ಪು ಬಣ್ಣದ ಕುಕ್ಕಿ ಗಾಳಿಗಿಂತ ಬಹಳ ಹೆಚ್ಚು ಕಾಯುತ್ತದೆ, ಬಾದಾಮಿಯ ಎಣ್ಣೆಯೂ ಹೊರಬರುತ್ತದೆ. ಗಾಳಿಯಾಡುವ ನೆರಳು, ಕೆಳಗೆ ಜಾಳಿಗೆ, ಮೇಲೆ ತೆಳುವಾದ ಬಿಳಿ ಬಟ್ಟೆ. ಲೇಪನ ಹಚ್ಚುವ ಮೊದಲೇ ಒಣಗಿಸಬೇಕು, ನಡುವೆ ಒಮ್ಮೆ ಮಗುಚಬೇಕು. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ, ಬೂಷ್ಟು ಹಿಡಿಯುತ್ತದೆ.

ಬೇಯಿಸದ ಬದುಕು (ಸಿಂಧನೂರು)

ಹಸಿ ಎಂದು ಕರೆಯುವುದಾದರೆ ಎರಡು ವಿಷಯ ಹೇಳಲೇಬೇಕು. ಪೇಟೆಯಲ್ಲಿ ಸಿಗುವ ಗೋಡಂಬಿ ಹೆಸರಿಗೆ ಮಾತ್ರ ಹಸಿ. ಸಿಪ್ಪೆಯೊಳಗಿನ ಎಣ್ಣೆ ಚರ್ಮ ಸುಡುವಂಥದ್ದು, ಅದಕ್ಕಾಗಿ ಒಡೆಯುವ ಮೊದಲೇ ಹಬೆಯಲ್ಲಿ ಬೇಯಿಸುತ್ತಾರೆ ಅಥವಾ ಹುರಿಯುತ್ತಾರೆ. ಸಾಮಾನ್ಯ ಕೋಕೋ ಪುಡಿಯೂ ಹುರಿದ ಬೀಜದ್ದು. ಹುರಿಯದ ಬೀಜದ ಪುಡಿ ಬೇರೆಯಾಗಿ ಸಿಗುತ್ತದೆ, ಬೆಲೆ ಹೆಚ್ಚು. ಬೆಲ್ಲವಂತೂ ಕಾಯಿಸಿದ್ದೇ.

ಕೋಟೆಗುಡ್ಡ (ಬಳ್ಳಾರಿ)

ನಿಜ. ಆದರೆ ಹುರಿಯದ ಕೋಕೋ ಬೀಜವೂ ಹುದುಗುವಾಗ ರಾಶಿಯೊಳಗೆ ತಾನೇ 45-50 ಡಿಗ್ರಿಗೆ ಕಾಯುತ್ತದೆ ಎಂಬುದನ್ನೂ ನೆನಪಿಡಬೇಕು. ಪುತ್ತೂರು, ಸುಳ್ಯದ ಅಡಿಕೆ ತೋಟಗಳಲ್ಲಿ ಕೋಕೋ ಬೆಳೆಯುತ್ತಾರೆ, ಅಲ್ಲಿಯೂ ಹುದುಗಿಸದೆ ಚಾಕೊಲೇಟಿನ ಘಮ ಹುಟ್ಟುವುದಿಲ್ಲ. ಅಕ್ಕನವರಿಗೆ ಇಲ್ಲಿ ಹಸಿತನಕ್ಕಿಂತ ಹಾಲು ಇಲ್ಲದಿರುವುದು ಮುಖ್ಯ. ಹಾಗಾಗಿ ಸಾಮಾನ್ಯ ಕೋಕೋ ಪುಡಿ ಸಾಕು ಎಂಬುದು ನನ್ನ ಅಭಿಪ್ರಾಯ.

ಹಾಲಿನ ವಿಷಯದಲ್ಲಿ ಮಾತ್ರ ಎಲ್ಲಿಯೂ ಸಡಿಲ ಬಿಡಬೇಡಿ. ಪೊಟ್ಟಣದ ಮೇಲಿನ ಹಸಿರು ಚುಕ್ಕೆ ಸಸ್ಯಾಹಾರ ಎಂದಷ್ಟೇ ಹೇಳುತ್ತದೆ, ಅದರಲ್ಲಿ ಹಾಲಿನ ಪುಡಿ ಇರಬಹುದು. ವೀಗನ್ ಆಹಾರಕ್ಕೆ (ಹಾಲು, ಜೇನು ಸೇರಿದಂತೆ ಪ್ರಾಣಿಗಳಿಂದ ಬಂದದ್ದು ಏನೂ ಇಲ್ಲದ್ದು) 2022ರಲ್ಲಿ ಬೇರೆ ನಿಯಮ ಬಂದಿದೆ, ಅದಕ್ಕೆ ಪ್ರತ್ಯೇಕ ಚಿಹ್ನೆಯೂ ಇದೆ. ಆದರೆ ಅಲರ್ಜಿ ಇರುವ ಮಗುವಿಗೆ ಚಿಹ್ನೆಯೊಂದನ್ನೇ ನಂಬಬಾರದು. ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಹಾಲಿನ ಅಂಶ ಇರಬಹುದು ಎಂಬ ಸಾಲು ಇದೆಯೇ ಎಂದು ಓದಿ, ಇದ್ದರೆ ಆ ಪೊಟ್ಟಣ ಬಿಡಿ. ಮಜ್ಜಿಗೆ, ಬೆಣ್ಣೆ ಮುಟ್ಟಿದ ಮಿಕ್ಸಿ ಜಾರು ಇದ್ದರೆ ರಬ್ಬರ್ ಉಂಗುರ ಬಿಚ್ಚಿ ಸೋಪು ಹಾಕಿ ತೊಳೆಯಿರಿ. ಬಾದಾಮಿ ಆ ಮಗುವಿಗೆ ಒಗ್ಗುತ್ತದೆಯೇ ಎಂದೂ ತಂಗಿಯನ್ನು ಕೇಳಿಕೊಳ್ಳಿ.

ಬಿಸಿಲೂರ ಅಡುಗೆಮನೆ (ರಾಯಚೂರು)

ಅಣ್ಣನವರೆ, ಹೊಸ ಅಳತೆಯಲ್ಲಿ ಮಾಡಿದೆ. ಮಧ್ಯಾಹ್ನ ತಟ್ಟೆಯಲ್ಲಿ ಹಾಗೆಯೇ ಬಿಟ್ಟೆ, ಆಕಾರ ಒಂದಿಷ್ಟೂ ಕೆಡಲಿಲ್ಲ! ಅಂಗೈಗೆ ಜಿಡ್ಡೂ ಇಲ್ಲ. ಬಾದಾಮಿ ಅವಳಿಗೆ ಒಗ್ಗುತ್ತದೆ, ದಿನವೂ ತಿನ್ನುತ್ತಾಳಂತೆ. ಕೋಕೋ ಪೊಟ್ಟಣದ ಹಿಂದೆ ಹಾಲಿನ ಸಾಲು ಇತ್ತು, ಬೇರೆಯದನ್ನು ತಂದೆ. ಎರಡು ಪ್ರಶ್ನೆ ಉಳಿದಿವೆ. ಅಂಚಿನಲ್ಲಿ ಸಣ್ಣಗೆ ಬಿರುಕು ಬರುತ್ತದೆ. ಇನ್ನು, ಸಿಂಧನೂರು, ಸಿರುಗುಪ್ಪದ ಮೇಲೆ ಹೋಗುವ ಬಸ್ಸಿನಲ್ಲಿ ಕಳುಹಿಸಬೇಕು, ಲೇಪನ ಹಚ್ಚಿ ಕಳುಹಿಸಲೇ?

ಕೋಟೆಗುಡ್ಡ (ಬಳ್ಳಾರಿ)

ಬಹಳ ಸಂತೋಷವಾಯಿತು ಅಕ್ಕನವರೆ. ಬಿರುಕಿಗೆ ಕಾರಣ ನಿಮ್ಮ ಖರ್ಜೂರ ಸ್ವಲ್ಪ ಒಣಗಿದ್ದಿರಬೇಕು. ಇನ್ನೆರಡು ಹಣ್ಣು ಸೇರಿಸಿ, ಅಂಗೈಯನ್ನು ತುಸು ಒದ್ದೆ ಮಾಡಿಕೊಂಡು ಅಂಚನ್ನು ಒತ್ತಿ.

ಲೇಪನ ಹಚ್ಚಿ ಕಳುಹಿಸಬೇಡಿ, ದಾರಿಯಲ್ಲೇ ಕರಗುತ್ತದೆ. ನೆರಳಿನಲ್ಲಿ ಒಣಗಿಸಿದ ಕುಕ್ಕಿಯನ್ನು ಕೋಕೋ ಪುಡಿಯಲ್ಲಿ ಹೊರಳಿಸಿ, ಸ್ಟೀಲ್ ಡಬ್ಬಿಯಲ್ಲಿ ಪದರಕ್ಕೊಂದು ಬೆಣ್ಣೆ ಕಾಗದ ಹಾಸಿ ಜೋಡಿಸಿ. ಫ್ರಿಜ್‌ನಿಂದ ತೆಗೆದ ತಣ್ಣನೆಯ ಕುಕ್ಕಿಯನ್ನು ಡಬ್ಬಿಗೆ ತುಂಬಬೇಡಿ, ಒಳಗೆ ನೀರು ಕಟ್ಟುತ್ತದೆ. ಹೊರಗಿನ ಬಿಸಿಗೆ ಹೊಂದಿಕೊಂಡ ಮೇಲೆ ಮುಚ್ಚಿ. ರಾತ್ರಿ ಅಥವಾ ನಸುಕಿನ ಬಸ್ಸಿಗೆ ಕೊಡಿ, ಬಸ್ಸಿನ ಡಿಕ್ಕಿಯಲ್ಲಿ ಇಡಿಸಬೇಡಿ. ಲೇಪನದ ಕೋಕೋ ಬೆಣ್ಣೆ, ಕೋಕೋ ಪುಡಿ, ಉತ್ತತ್ತಿ ಪುಡಿಯನ್ನು ಬೇರೆ ಬೇರೆ ಪೊಟ್ಟಣ ಮಾಡಿ ಜೊತೆಗಿಡಿ. ಕೋಕೋ ಬೆಣ್ಣೆ ದಾರಿಯಲ್ಲಿ ಕರಗಿದರೂ ತೊಂದರೆ ಇಲ್ಲ, ಸೋರದ ಡಬ್ಬಿಯಲ್ಲಿ ಹಾಕಿದರೆ ಆಯಿತು. ತಂಗಿ ಅಲ್ಲಿ ಕಲಸಿ, ಕುಕ್ಕಿಯನ್ನು ಅದ್ದಿ, ಒಂದು ಗಂಟೆ ಫ್ರಿಜ್‌ನಲ್ಲಿಟ್ಟು ಮಗುವಿನ ಕೈಗೆ ಕೊಡಲಿ.