‘ತಕರಾರು’: ಜಗಳವೋ, ಆಕ್ಷೇಪಣೆಯೋ?

ಹಾವೇರಿ ಕಡೆಯ ನಮ್ಮ ಊರಿನಲ್ಲಿ ಅಜ್ಜ ತೀರಿಕೊಂಡ ಮೇಲೆ ನಮ್ಮ ತಂದೆಯವರು ಹೊಲವನ್ನು ತಮ್ಮ ಹೆಸರಿಗೆ ಹಚ್ಚಿಸಿಕೊಳ್ಳಲು ವಾರಸಾ ವರದಿ ಕೊಟ್ಟಿದ್ದರು. ಚಾವಡಿಯಲ್ಲಿ ತಲಾಠಿಯವರು (ಗ್ರಾಮ ಲೆಕ್ಕಿಗರು) ನಮ್ಮ ಸೋದರತ್ತೆಯನ್ನು, “ಯವ್ವಾ, ನಿಂದೇನರ ತಕರಾರ ಐತೇನು?” ಎಂದು ಕೇಳಿದರು. ಆಕೆ, “ನಾ ಯಾರ ಕೂಡನೂ ತಕರಾರ ಮಾಡಾಕಿ ಅಲ್ಲಪಾ” ಎಂದಳು. ಅವರು ‘ತಕರಾರು ಇರುವುದಿಲ್ಲ’ ಎಂದು ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡರು. ತಾನು ಜಗಳಗಂಟಿಯಲ್ಲ ಎಂದಷ್ಟೇ ಆಕೆ ಹೇಳಿದ್ದಳು. ತನ್ನ ಪಾಲು ಬೇಡವೆಂದು ಹೇಳಿರಲಿಲ್ಲ.

ಅರಬ್ಬಿಯ ‘ತಕ್ರಾರ್’ ಪದಕ್ಕೆ ಮೂಲದಲ್ಲಿ ‘ಮತ್ತೆ ಮತ್ತೆ ಹೇಳುವುದು’, ಅಂದರೆ ಪುನರಾವೃತ್ತಿ, ಎಂದು ಅರ್ಥ. ಹೇಳಿದ್ದನ್ನೇ ಹೇಳುತ್ತ ಹೋದರೆ ವಾಗ್ವಾದವಾಗುತ್ತದೆ. ಉರ್ದು, ಹಿಂದಿಗಳಲ್ಲಿ ಅದು ಜಗಳವೇ ಆಯಿತು. ಮರಾಠಿಯಲ್ಲಿ ‘ತಕ್ರಾರ್’ ಎಂದರೆ ದೂರು, ‘ತಕ್ರಾರದಾರ್’ ಎಂದರೆ ದೂರುದಾರ. 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದ ಧಾರವಾಡ ಸೀಮೆಯ ಕಾಗದಪತ್ರಗಳಲ್ಲಿ ಮರಾಠಿಯ ಶಬ್ದಗಳು ಬೇಕಾದಷ್ಟಿದ್ದರೂ, ಈ ಅರ್ಥ ಮಾತ್ರ ಕನ್ನಡದಲ್ಲಿ ನೆಲೆಯೂರಲಿಲ್ಲ: ಪೊಲೀಸರಿಗೆ ನಾವು ಕೊಡುವುದು ಫಿರ್ಯಾದಿ, ತಕರಾರಲ್ಲ.

ಕಂದಾಯದ ಕನ್ನಡದಲ್ಲಿ ‘ತಕರಾರು’ ಎಂದರೆ ಆಕ್ಷೇಪಣೆ. ಖರೀದಿ ಪತ್ರದ ‘ತಂಟೆ ತಕರಾರು’ ಎಂಬ ಜೋಡಿನುಡಿಯಲ್ಲಿ ಎರಡೂ ಅರ್ಥಗಳು ಬೆರೆತಿದ್ದರೂ ಅಲ್ಲಿ ಯಾರಿಗೂ ಹಾನಿಯಿಲ್ಲ. ಹಕ್ಕು ಬದಲಾವಣೆಯ ನೋಟೀಸಿನ ಮಾತು ಹಾಗಲ್ಲ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 129ನೆಯ ಕಲಮಿನಂತೆ ಆಕ್ಷೇಪಣೆಯನ್ನು ಬಾಯಿಮಾತಿನಲ್ಲಿ ಹೇಳಿದರೂ ಸಾಕು, ಅಧಿಕಾರಿಯು ಅದನ್ನು ತಕರಾರು ಪ್ರಕರಣಗಳ ರಿಜಿಸ್ಟರಿನಲ್ಲಿ ದಾಖಲಿಸಬೇಕು. ಬಾಯಿಮಾತಿಗೇ ಇಷ್ಟು ಬೆಲೆಯಿರುವಲ್ಲಿ, ಕೇಳುವವರೂ ಹೇಳುವವರೂ ಒಂದೇ ಶಬ್ದವನ್ನು ಎರಡು ಅರ್ಥಗಳಲ್ಲಿ ಆಡಿದರೆ ಗತಿಯೇನು? ಉತಾರದ (ಪಹಣಿಯ) ನಮೂದಿನಿಂದ ಹಕ್ಕು ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ, ನಿಜ. ಆದರೆ 133ನೆಯ ಕಲಮಿನ ಪ್ರಕಾರ ತಪ್ಪೆಂದು ರುಜುವಾತಾಗುವವರೆಗೆ ಅದನ್ನು ಸರಿಯೆಂದೇ ಎಣಿಸುವುದರಿಂದ, ರುಜುವಾತಿನ ಹೊರೆ ಹೆಬ್ಬೆಟ್ಟು ಒತ್ತಿದವರ ಮೇಲೆಯೇ ಬೀಳುತ್ತದೆ.

‘ಆಕ್ಷೇಪಣೆ’ ಎಂದು ಬದಲಿಸಿದರೆ ಆಯಿತಲ್ಲ ಎನ್ನುವವರಿದ್ದಾರೆ. ನಮ್ಮ ಅತ್ತೆಗೆ ಆ ಶಬ್ದವೇ ತಿಳಿಯುತ್ತಿರಲಿಲ್ಲ. ತಿಳಿಯದಿದ್ದರೆ ಏನೆಂದು ಕೇಳುತ್ತಿದ್ದಳು ಎಂಬುದೊಂದೇ ಅದರ ಲಾಭ. “ಹೊಲ ಅಣ್ಣನ ಒಬ್ಬನ ಹೆಸರಿಗೆ ಹಚ್ಚಾಕ ನಿನ್ನ ಒಪ್ಪಿಗಿ ಐತೇನು?” ಎಂದು ಕೇಳುವುದೇ ಸರಿ ಎಂದು ನನಗೆ ತೋರುತ್ತದೆ. ಮೈಸೂರು, ಮಂಗಳೂರು ಕಡೆಯ ಚಾವಡಿಗಳಲ್ಲಿ ಈ ಪ್ರಶ್ನೆಯನ್ನು ಯಾವ ಮಾತಿನಲ್ಲಿ ಕೇಳುತ್ತಾರೆ, ಅಲ್ಲಿ ‘ತಕರಾರು’ ಶಬ್ದಕ್ಕೆ ಜಗಳದ ಅರ್ಥವೇ ಮುಂದಾಗಿದೆಯೇ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ವಿನಂತಿ.