ಸ್ಕ್ವೀಜಿ ಬ್ಲೇಡ್: ಬಟ್ಟೆಚೀಲಕ್ಕೆ ಯಾವುದು, ಕಾಗದಕ್ಕೆ ಯಾವುದು?

ಪ್ರಶ್ನೆ (ಕಲಬುರಗಿ): ಶರಣಬಸವೇಶ್ವರ ಜಾತ್ರೆಯ ಬಟ್ಟೆಚೀಲಗಳನ್ನೂ ಮದುವೆ ಪತ್ರಿಕೆಗಳನ್ನೂ ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಒಂದೇ ಸ್ಕ್ವೀಜಿಯಿಂದ (ಜಾಲರಿಯ ಮೂಲಕ ಬಣ್ಣವನ್ನು ಒತ್ತಿ ಎಳೆಯುವ, ರಬ್ಬರಿನಂಥ ಪಟ್ಟಿ ಅಂದರೆ ಬ್ಲೇಡ್ ಇರುವ ಹಿಡಿ) ಮುದ್ರಿಸುತ್ತಿದ್ದೇನೆ. ಪತ್ರಿಕೆಯ ಸಣ್ಣ ಅಕ್ಷರಗಳು ಸ್ವಚ್ಛವಾಗಿ ಮೂಡುತ್ತವೆ, ಆದರೆ ಚೀಲದ ಮೇಲೆ ಬಣ್ಣ ತೆಳುವಾಗಿ ಕೂರುತ್ತದೆ. ಎರಡಕ್ಕೂ ಬೇರೆ ಬ್ಲೇಡ್ ಬೇಕೆ?

ಉತ್ತರ (ಬೀದರ್): ಖಂಡಿತ ಬೇಕು. ನಿಮ್ಮಲ್ಲಿರುವುದು ಗಟ್ಟಿ ಬ್ಲೇಡ್ ಇರಬಹುದು. ಶೋರ್ ಎ ಅಳತೆಯಲ್ಲಿ (ರಬ್ಬರಿನಂಥ ವಸ್ತುಗಳ ಗಟ್ಟಿತನದ ಅಳತೆ; ಅಂಕಿ ಹೆಚ್ಚಾದಷ್ಟೂ ಗಟ್ಟಿ) 60ರಿಂದ 70ರೊಳಗಿನ ಬ್ಲೇಡ್ ಒತ್ತಿದಾಗ ತುಸು ಬಾಗಿ ಹೆಚ್ಚು ಬಣ್ಣವನ್ನು ಇಳಿಸುವುದರಿಂದ, ಒರಟು ನೇಯ್ಗೆಯ ಚೀಲಕ್ಕೆ ಅದೇ ಹೊಂದುತ್ತದೆ. ಪತ್ರಿಕೆಗೆ 75ರ ಮೇಲಿನದೇ ಇರಲಿ. ಸಾಲ್ವೆಂಟ್ ಇಂಕ್ (ರಾಸಾಯನಿಕ ದ್ರಾವಕದಲ್ಲಿ ಕಲಸಿದ ಬಣ್ಣ) ಬಳಸುವುದಾದರೆ, ದ್ರಾವಕವನ್ನು ತಾಳುವ ಪಾಲಿಯುರೇಥೇನ್ ಬ್ಲೇಡನ್ನೇ ಕೊಳ್ಳಿರಿ.

ಉತ್ತರ (ಯಾದಗಿರಿ): ಒತ್ತಡ ಹೆಚ್ಚಿಸಿ ಬಣ್ಣ ಇಳಿಸಲು ದಯವಿಟ್ಟು ಹೋಗಬೇಡಿ, ಅಕ್ಷರಗಳ ಅಂಚು ಹರಡಿಕೊಳ್ಳುತ್ತದೆ. ಹೊಸ ಬ್ಲೇಡಿನ ಅಂಚನ್ನು ಉಗುರಿನಿಂದ ಸವರಿ ನೋಡಿರಿ; ಅಲ್ಲಿ ಸಣ್ಣದೊಂದು ಕಚ್ಚು ಇದ್ದರೂ ಮುದ್ರಣದುದ್ದಕ್ಕೂ ಗೆರೆ ಬೀಳುತ್ತದೆ. ಚೀಲಕ್ಕೆ ಮೆಶ್ (ಸ್ಕ್ರೀನಿನ ಜಾಲರಿ) ಕೂಡ ದೊಡ್ಡ ಕಣ್ಣಿನದಾಗಿರಬೇಕು.